ಈರೇಶ ಮಾರ್ಗಿನಲ್ಲಿದ್ದಾನೆ

ಈರೇಶ ಆಡಿದ್ದು ಒಂದೇ ಒಂದು ಮಾತು. "ಸರ, ನಾ ಈಗ ಮಾರ್ಗಿನ್ಯಾಗ ಅದೀನ್ರಿ, ಆಮ್ಯಾಲ ಫೋನ್ ಮಾಡ್ತೀನಿ." ಅಷ್ಟು ಹೇಳುವಷ್ಟರಲ್ಲಿ ಗೋದಾಮಿನ ತಗಡಿನ ಗೋಡೆಗಳು ಎಂದಿನಂತೆ ಸಿಗ್ನಲ್ಲನ್ನು ನುಂಗಿಬಿಟ್ಟವು. ಅವನು ಫೋನನ್ನು ಜೇಬಿಗಿಟ್ಟು ಕೈಗವಸು ಹಾಕಿಕೊಂಡು ಕೆಲಸಕ್ಕೆ ಬಾಗಿದ. ಆ ಮಾತು ಮಾತ್ರ ಅವನ ಕೈತಪ್ಪಿ, ಬಾಗಿಲು ತೆರೆದಿಟ್ಟ ಮನೆಯಿಂದ ಓಡಿಹೋದ ಬೆಕ್ಕಿನ ಹಾಗೆ ಊರು ಸುತ್ತಲು ಹೊರಟಿತು.

ಕೆನಡಾದ ವುಡ್‌ಬ್ರಿಡ್ಜಿನ ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಕೊಡುವ ಒಂದು ಸಣ್ಣ ಕಂಪನಿ ಇತ್ತು. ಸಾಫ್ಟ್‌ವೇರ್ ಕೆಲಸ ಹೋದ ಮೇಲೆ ಗದಗಿನ ಈರೇಶನಿಗೆ ಸಿಕ್ಕ ಕಾಂಟ್ರ್ಯಾಕ್ಟು ಅಲ್ಲಿಯದು. ಅಮೆರಿಕದ ಓಹಾಯೋದಲ್ಲಿ ಎಂದೋ ಮುಚ್ಚಿಹೋದ ಒಂದು ಪತ್ರಿಕೆ. ಆ ಪತ್ರಿಕೆಯವರು ಕತ್ತರಿಸಿ, ಮಡಚಿ, ಲಕೋಟೆಗಳಲ್ಲಿ ತುಂಬಿಟ್ಟ ಸುದ್ದಿಯ ತುಣುಕುಗಳೆಲ್ಲ ಲಾರಿಯಲ್ಲಿ ಬಂದು ಶೆಡ್ಡಿನಲ್ಲಿ ಕುಳಿತಿದ್ದವು. ಹಿಂದೆ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಇಂಥ ತುಣುಕುಗಳನ್ನು ಕಾಪಿಡುವ ಕೋಣೆಗೆ 'ಮಾರ್ಗ್' ಎನ್ನುತ್ತಿದ್ದರು. ಅಂದರೆ ಹೆಣದ ಮನೆ. ಆಯುಸ್ಸು ಮುಗಿದ ಸುದ್ದಿ ಅಲ್ಲಿ ಹೋಗಿ ಮಲಗುತ್ತಿತ್ತು; ಯಾರಾದರೂ ದೊಡ್ಡ ಮನುಷ್ಯರು ಸತ್ತರೆ ಅವರ ಲಕೋಟೆಯನ್ನು ಎಳೆದು ಮರಣವಾರ್ತೆ ಬರೆಯುತ್ತಿದ್ದರು. ಪತ್ರಿಕೆ ಮುಚ್ಚಿದರೂ ಹೆಸರು ಉಳಿದಿತ್ತು. ಡಬ್ಬಿಗಳ ಮೇಲೂ ಅದೇ, ಸೂಪರ್‌ವೈಸರನ ಬಾಯಲ್ಲೂ ಅದೇ. ಮೊದಮೊದಲು ಈರೇಶನಿಗೆ ಕಸಿವಿಸಿಯಾಗಿತ್ತು. ಈಗ ಆ ಪದ ಅವನ ನಾಲಿಗೆಗೆ ಬಸ್‌ಸ್ಟ್ಯಾಂಡು, ಬಚ್ಚಲು ಎಂಬಷ್ಟೇ ಸಲೀಸಾಗಿ ಬರುತ್ತಿತ್ತು.

ಆ ಶನಿವಾರ ಫೋನು ಮಾಡಿದ್ದವರು ಹೊನ್ನಪ್ಪನವರು. ಮೈಸೂರಿನ ಕಡೆಯವರು, ನಿವೃತ್ತ ಎಂಜಿನಿಯರು. ಕನ್ನಡದವರಿಗೆ ವರ, ಮನೆ, ಸೆಕೆಂಡ್‌ಹ್ಯಾಂಡ್ ಸ್ನೋ ಟೈರು ಇಷ್ಟನ್ನೂ ಹುಡುಕಿಕೊಡುವ ಹೊಣೆಯನ್ನು ಯಾರೂ ಒಪ್ಪಿಸದೆಯೇ ಹೊತ್ತುಕೊಂಡವರು. ಅವರ ಉಪಕಾರ ಇಲ್ಲಿಯ ಹಿಮದ ಹಾಗೆ, ಬೇಡವೆಂದರೂ ಬಾಗಿಲ ತನಕ ಬಂದು ಬೀಳುತ್ತಿತ್ತು. ಈ ಸಲ ಮಾತ್ರ ಅದು ಈರೇಶನಿಗೆ ಬೇಕಾಗಿತ್ತು. ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿ ಅವನೂ ಹೆಂಡತಿ ಜ್ಯೋತ್ಸ್ನಾಳೂ ಇದ್ದದ್ದು ಊರಿಗೆ ಹೋಗಿದ್ದ ಗೆಳೆಯನೊಬ್ಬನ ಫ್ಲ್ಯಾಟಿನಲ್ಲಿ. ಆ ಗೆಳೆಯ ಸೋಮವಾರ ಬರುವವನಿದ್ದ, ತಂದೆತಾಯಿಯನ್ನೂ ಕರೆದುಕೊಂಡು. ಜ್ಯೋತ್ಸ್ನಾಳಿಗೆ ಏಳನೇ ತಿಂಗಳು. ಈರೇಶ ಎರಡು ವಾರದಿಂದ ಕುಂತಲ್ಲಿ ಕುಂತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ. ಬಾಡಿಗೆಗೆಂದು ನೋಡಿದ ಬೇಸ್‌ಮೆಂಟುಗಳಲ್ಲಿ, ಅಂದರೆ ನೆಲಮಾಳಿಗೆಯ ಮನೆಗಳಲ್ಲಿ, ಒಂದಕ್ಕೆ ಕಿಟಕಿ ಇರಲಿಲ್ಲ, ಒಂದರ ಬಾಡಿಗೆಗೆ ಮಿತಿ ಇರಲಿಲ್ಲ. ಎರಡೂ ಸರಿಯಿದ್ದಲ್ಲಿ, "ಪರ್ಮನೆಂಟ್ ಕೆಲಸವಾ?" ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರು. ಕೊನೆಗೆ ಹೊನ್ನಪ್ಪನವರು ಥಾರ್ನ್‌ಹಿಲ್ಲಿನಲ್ಲಿ ಉಡುಪಿ ಕಡೆಯ ಲೋಲಾಕ್ಷಿ ಎಂಬವರ ಬೇಸ್‌ಮೆಂಟನ್ನು ಪತ್ತೆಹಚ್ಚಿ, "ಹುಡುಗನಿಗೆ ಏನು ಕೆಲಸ ಅಂತ ಹೇಳಲಿ?" ಎಂದು ಕೇಳಲು ಫೋನು ಮಾಡಿದ್ದರು. ಆಗ ಸಿಕ್ಕ ಉತ್ತರವೇ, ಮಾರ್ಗಿನ್ಯಾಗ ಅದೀನ್ರಿ.

ಹೊನ್ನಪ್ಪನವರು ಫೋನನ್ನು ಮೇಜಿನ ಮೇಲಿಟ್ಟು ಕುಳಿತರು. ಹೆಣದ ಮನೆಯಲ್ಲಿದ್ದಾನೆ ಎಂದರೆ ಯಾರೋ ಹೋಗಿರಬೇಕು. ಯಾರು? ಬಸುರಿ ಹೆಂಗಸು ಮನೆಯಲ್ಲಿ ಒಬ್ಬಳೇ. ಅವರ ಕೈ ತಾನೇತಾನಾಗಿ ಜ್ಯೋತ್ಸ್ನಾಳ ನಂಬರು ಒತ್ತಿತು.

"ಅಮ್ಮಾ ಜ್ಯೋತ್ಸ್ನಾ, ನಾನು ಹೊನ್ನಪ್ಪ. ಸ್ವಲ್ಪ ಧೈರ್ಯ ತಗೋಬೇಕು. ಈರೇಶ್ ಎಲ್ಲಿದಾರೆ ಅಂತ ಗೊತ್ತೇನಮ್ಮಾ?"

"ಮಾರ್ಗಿನ್ಯಾಗ ಅದಾರ್ರಿ."

"ನಿಂಗೆ ಗೊತ್ತಾ?"

"ದಿನಾ ಅಲ್ಲೇ ಇರ್ತಾರ್ರಿ ಸರ. ಶನಿವಾರನೂ ಕರೀತಾರ. ಏನಾತ್ರಿ?"

"ಏನಿಲ್ಲಮ್ಮ," ಎಂದು ಹೊನ್ನಪ್ಪನವರು ಫೋನಿಟ್ಟರು. ಈಗ ಅವರಿಗೆ ಎಲ್ಲ ತಿಳಿಯಿತು. ಪಾಪದ ಹುಡುಗ. ಕಂಪ್ಯೂಟರ್ ಮುಂದೆ ಕೂರುತ್ತಿದ್ದವನು ಹೊಟ್ಟೆಪಾಡಿಗೆ ಹೆಣ ಎತ್ತುವ ಕೆಲಸಕ್ಕೆ ಇಳಿದಿದ್ದಾನೆ. ಯಾರೊಬ್ಬರಿಗೂ ಹೇಳದೆ ಒಳಗೊಳಗೇ ನುಂಗಿಕೊಂಡಿದ್ದಾನೆ. ಅವರ ಕಣ್ಣು ಒದ್ದೆಯಾಯಿತು. ಒದ್ದೆಯಾದ ಕಣ್ಣಲ್ಲೇ ಅವರು ನಾಲ್ಕು ಮನೆಗೆ ಫೋನು ಮಾಡಿ, "ಯಾರಿಗೂ ಹೇಳಬೇಡಿ" ಎಂಬ ಕರಾರಿನ ಮೇಲೆ ವಿಷಯ ತಿಳಿಸಿದರು. ಐದನೆಯದು ಲೋಲಾಕ್ಷಿಗೆ.

"ಹುಡುಗ ಮಾರ್ಗಲ್ಲಿ ಕೆಲಸ ಮಾಡ್ತಾನಮ್ಮ. ಮೊದಲೇ ಹೇಳಿಬಿಡೋದು ಒಳ್ಳೇದು ಅನ್ನಿಸ್ತು."

ಕರಾವಳಿಯವರಿಗೆ ಮಾರ್ಗ ಎಂದರೆ ಡಾಂಬರು ರಸ್ತೆ. "ಮಾರ್ಗದಲ್ಲಿಯಾ? ಅದಕ್ಕೆಂತ ಈಗ? ನಮ್ಮ ಭಾವ ಸಹಾ ಊರಲ್ಲಿ ಮಾರ್ಗದ ಕಂಟ್ರಾಕ್ಟೇ ಮಾಡಿದ್ದು," ಎಂದರು ಲೋಲಾಕ್ಷಿ.

"ಆ ಮಾರ್ಗ ಅಲ್ಲಮ್ಮ. ಶವಾಗಾರ. ಹೆಣ ಇಡ್ತಾರಲ್ಲ, ಅದು."

ಆ ಕಡೆ ಕುಕ್ಕರು ಒಂದು ಸಲ ಕೂಗಿತು. ಆಮೇಲೆ, "ಸಂಜೆ ಕರ್ಕೊಂಡು ಬನ್ನಿ, ನೋಡುವ," ಎಂದು ಧ್ವನಿ ಬಂತು. ಸಾಫ್ಟ್‌ವೇರ್ ಹುಡುಗರನ್ನೇ ಮೂರು ಸಲ ಜರಡಿ ಹಿಡಿಯುವ ಹೆಂಗಸು ಇಷ್ಟು ಬೇಗ ಒಪ್ಪಿದ್ದು ಹೊನ್ನಪ್ಪನವರಿಗೆ ಆಶ್ಚರ್ಯವಾಯಿತು.

ಮಧ್ಯಾಹ್ನ ಊಟಕ್ಕೆಂದು ಈರೇಶ ಶೆಡ್ಡಿನಿಂದ ಹೊರಗೆ ಬಂದು ಗಾಳಿಗೆ ಬೆನ್ನು ಕೊಟ್ಟು ರೊಟ್ಟಿ ಬಿಚ್ಚುತ್ತಿದ್ದಂತೆ ಫೋನು ಕುಣಿಯತೊಡಗಿತು. ಗೊತ್ತಿಲ್ಲದ ನಂಬರು. ಬಾಡಿಗೆ ಮನೆಯವರೇ ಇರಬೇಕೆಂದು ಅವನು ರೊಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಎತ್ತಿದ.

"ಈರೇಶ್ ಅವ್ರಾ? ನಾನು ರಾಘವ್ ಅಂತ, ಹೊನ್ನಪ್ಪ ಅಂಕಲ್ ನಂಬರ್ ಕೊಟ್ರು. ನಮ್ಮ ಮ್ಯಾನೇಜರ್ ಮಾವನವರು ಹೋಗ್ಬಿಟ್ರು. ಸ್ವಲ್ಪ ಬೇಗ ಬಿಡಿಸಿಕೊಡೋಕೆ ಆಗತ್ತಾ ಅಂತ."

ಸುದ್ದಿಯ ತುಣುಕು ಹುಡುಕಿಕೊಡಿ ಎಂದು ಆಗಾಗ ಅಮೆರಿಕದಿಂದ ಕೇಳುವವರಿದ್ದರು. ಈರೇಶನಿಗೆ ಇದೂ ಅಂಥದೇ ಎನಿಸಿತು. "ಯಾವಾಗ ತೀರಕೊಂಡ್ರಿ?"

"ಇವತ್ತು ಬೆಳಿಗ್ಗೆ."

"ಹಂಗಿದ್ರ ನಮ್ಮಲ್ಲೆ ಇರೂದಿಲ್ರಿ. ನಮ್ಮಲ್ಲೆ ಇರೂವೆಲ್ಲಾ ಭಾಳ ಹಳೇವು. ಐವತ್ತು ಅರವತ್ತು ವರ್ಷ ಆದ್ರೂ ಆಗಿರಬೇಕು."

"ಅರವತ್ತು ವರ್ಷದಿಂದ ಇಟ್ಕೊಂಡಿದೀರಾ?" ರಾಘವನ ಧ್ವನಿ ಇಳಿಯಿತು.

"ಯಾರೂ ಒಯ್ಯಾಕ ಬರಲಿಲ್ರಿ, ಹಂಗ ಬಿದ್ದಾವು," ಎನ್ನುವಷ್ಟರಲ್ಲಿ ಸೂಪರ್‌ವೈಸರು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದ. ಈರೇಶ ಫೋನು ಮುಚ್ಚಿದ. ಕಂಕುಳಿನಿಂದ ತೆಗೆದು ನೋಡಿದರೆ ರೊಟ್ಟಿ ಮಾತ್ರ ಕೈಯಲ್ಲಿತ್ತು; ಬದನೆಕಾಯಿ ಎಣಗಾಯಿ ಅಂಗಿಯ ಮೇಲಿತ್ತು.

ಮನೆ ನೋಡಲು ಕರೆದೊಯ್ಯುವುದಾಗಿ ಮೆಸೇಜು ಹಾಕಿದ್ದ ಹೊನ್ನಪ್ಪನವರು ಸಂಜೆ ತಮ್ಮ ವ್ಯಾನು ತಂದು ಗೇಟಿನಲ್ಲಿ ನಿಲ್ಲಿಸಿದರು. ಹಿಂದಿನ ಬಾಗಿಲು ತೆರೆದರೆ ಸೀಟಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಒಂದು ನಿಂಬೆಹಣ್ಣು. ನವೆಂಬರಿನ ಚಳಿಯಲ್ಲೂ ನಾಲ್ಕು ಕಿಟಕಿಗಳೂ ಕೆಳಗಿದ್ದವು. ಈರೇಶ ತನ್ನ ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿಕೊಂಡು, ಇದಕ್ಕೇ ಇರಬೇಕು, ಪಾಪ ದೊಡ್ಡವರು, ಎಂದುಕೊಂಡು ಬೆಡ್‌ಶೀಟಿನ ಮೇಲೆ ಮುದುಡಿ ಕುಳಿತ.

"ಕೈ ತೊಳ್ಕೊಂಡ್ರಾ ಈರೇಶ್?"

"ತೊಳಕೊಂಡೆ ರೀ. ಅಲ್ಲೆ ಗ್ಲೌಸ್ ಇಲ್ದ ಮುಟ್ಟಗೊಡೂದಿಲ್ರಿ."

ವ್ಯಾನು ಹೈವೇ ಸೆವೆನ್ ಹಿಡಿಯಿತು. ಹೊನ್ನಪ್ಪನವರು ಸ್ವಲ್ಪ ದೂರ ರಸ್ತೆಯನ್ನೇ ನೋಡುತ್ತ ಓಡಿಸಿದರು. ಕುತೂಹಲ ಮೈಲಿಗೆಗಿಂತ ದೊಡ್ಡದು. "ದಿನಕ್ಕೆ ಎಷ್ಟು ಆಗುತ್ತೆ?" ಎಂದು ಕನ್ನಡಿಯಲ್ಲಿ ನೋಡುತ್ತ ಕೇಳಿದರು.

"ನಾ ಒಬ್ಬನ ಎರಡನೂರು ಮುಗಸ್ತೀನ್ರಿ."

"ಎರಡು ನೂರು."

"ಮೊದಲ ಭಾಳ ತ್ರಾಸ ಆತ್ರಿ. ಈಗ ಕೈ ಕುಂತೈತಿ. ಹಳೇವು ನೋಡ್ರಿ, ಜೋರ್ ಮಾಡಿದ್ರ ಪುಡಿ ಆಗ್ತಾವು. ಎಲ್ಲಾ ಮಡಚಿ ಮಡಚಿ ತುರುಕ್ಯಾರ. ಬ್ರಶ್ಶಿಲೆ ಧೂಳ ಝಾಡಿಸಿ, ಹಗೂರಕ ಮಡಿಕಿ ಬಿಡಿಸಿ, ಮ್ಯಾಲ ಗಾಜು ಇಟ್ಟು ಚಪ್ಪಟಿ ಮಾಡೂದು."

"ಚಪ್ಪಟೆ ಯಾಕಪ್ಪಾ?"

"ಇಲ್ಲಾಂದ್ರ ಫೋಟೋ ಛಲೋ ಬರೂದಿಲ್ರಿ."

ಹೊನ್ನಪ್ಪನವರು ನಿಂಬೆಹಣ್ಣನ್ನು ಎತ್ತಿ ಮೂಸಿದರು. ಗಾಳಿ ಕಿಟಕಿಯಿಂದ ಕಿಟಕಿಗೆ ಹಾಯುತ್ತಿತ್ತು. ಈರೇಶನಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ತನ್ನ ಕೆಲಸದ ಬಗ್ಗೆ ಇಷ್ಟು ಆಸ್ಥೆಯಿಂದ ಕೇಳಿದವರು ಇವರೇ ಮೊದಲಿಗರಾದ್ದರಿಂದ ಉತ್ಸಾಹ ಬಂತು. "ಬ್ಯಾರೆ ಬ್ಯಾರೆ ಮಾಡಿ ಇಡಬೇಕ್ರಿ ಸರ. ರಾಜಕೀಯದವರಿಗೊಂದು ಡಬ್ಬಿ, ಕಳ್ಳರಿಗೊಂದು, ಮದುವಿ ಹೆಣ್ಣುಮಕ್ಕಳಿಗೊಂದು. ಒಂದ್ ಡಬ್ಬಿಗೆ ಐವತ್ತು ಹಿಡೀತಾವು."

"ಐವತ್ತಾ? ವಾಸನೆ?"

"ಇರ್ತದ್ರಿ. ನನಗ ಆ ವಾಸನಿ ಸಣ್ಣಾಂವ ಇದ್ದಾಗಿಂದ ಸೇರ್ತದ." ಈರೇಶ ಮುಂದಕ್ಕೆ ಬಾಗಿದ. ಹೊನ್ನಪ್ಪನವರು ಸ್ಟೇರಿಂಗಿನ ಹತ್ತಿರಕ್ಕೆ ಸರಿದರು. "ಖರೇ ಮಜಾ ಅಂದ್ರ ಏನ್ ಗೊತ್ತೇನ್ರಿ? ದೊಡ್ಡ ಮಂದೀದು ಅವರಿನ್ನೂ ಜೀವಂತ ಇದ್ದಾಗನ ತಯಾರ್ ಮಾಡಿ ಇಟ್ಟಬಿಡ್ತಿದ್ರಂತ. ಸತ್ತ ಕೂಡ್ಲೆ ಹೊರಗ ತಗಿಯೂದು ಅಷ್ಟ."

ವ್ಯಾನು ಹಸಿರು ದೀಪಕ್ಕೆ ಗಕ್ಕನೆ ನಿಂತಿತು. ಹಿಂದಿನ ಕಾರುಗಳು ಬಾಯಿ ಬಡಿದುಕೊಂಡವು.

"ಅವರಿಗೆ ಗೊತ್ತಿರ್ತಿತ್ತಾ?" ಎಂದರು ಹೊನ್ನಪ್ಪನವರು.

"ಕೆಲವರಿಗೆ ಗೊತ್ತಿರ್ತಿತ್ರಿ. ಒಬ್ಬ ಜಡ್ಜ್ ಸಾಹೇಬ ತಾನ ಬಂದು ನೋಡಿ, ಇಲ್ಲೆ ಒಂದೀಟು ತಿದ್ದರಿ, ಅಲ್ಲೆ ಕತ್ತರಸ್ರಿ ಅಂತ ಹೇಳಿ ಹೋಗಿದ್ನಂತ."

ಥಾರ್ನ್‌ಹಿಲ್ ಬರುವ ತನಕ ಹೊನ್ನಪ್ಪನವರು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಲೋಲಾಕ್ಷಿಯವರು ಗ್ಯಾರೇಜಿನ ಬಾಗಿಲಲ್ಲೇ ಒಂದು ಬಕೆಟ್ಟು ನೀರು, ಒಂದು ಚೊಂಬು ಹಿಡಿದು ನಿಂತಿದ್ದರು. ನೀರಲ್ಲಿ ಅರಿಸಿನ ಕದಡಿತ್ತು. "ಬನ್ನಿ, ಬೂಟು ಅಲ್ಲೇ ಬಿಡಿ, ಕಾಲಿಗೆ ನೀರು ಹಾಕ್ಕೊಳ್ಳಿ," ಎಂದರು. ಈರೇಶನ ಕಾಲು ಮೊದಲೇ ಹೆಪ್ಪುಗಟ್ಟಿತ್ತು. ಆದರೂ ಬಂದವರ ಕಾಲಿಗೆ ನೀರು ಕೊಡುವ ಪದ್ಧತಿಯನ್ನು ಕೆನಡಾದಲ್ಲೂ ಬಿಡದೆ ಇಟ್ಟುಕೊಂಡಿದ್ದಾರಲ್ಲ ಎಂದು ಅವನ ಎದೆ ತುಂಬಿ ಬಂತು. ಎರಡು ಚೊಂಬು ಹೆಚ್ಚೇ ಹಾಕಿಕೊಂಡ. ಹೊನ್ನಪ್ಪನವರೂ ಪ್ಯಾಂಟು ಮಡಚಿಕೊಂಡು ಹಾಕಿಕೊಂಡರು, ಆಮೇಲೆ ತಲೆಗೂ ಸ್ವಲ್ಪ ಚಿಮುಕಿಸಿಕೊಂಡರು.

ಬೇಸ್‌ಮೆಂಟು ಅವನು ಕನಸಲ್ಲೂ ಎಣಿಸಿರದಷ್ಟು ಚೆನ್ನಾಗಿತ್ತು. ಬೆಳಕು ಬರುವ ಕಿಟಕಿ, ಪ್ರತ್ಯೇಕ ಬಾಗಿಲು, ತೊಟ್ಟಿಲು ಕಟ್ಟುವಷ್ಟು ಜಾಗ. ಒಲೆಯ ಮೇಲೆ ಚಿಮಣಿ ಕೂಡ ಇತ್ತು. ಈರೇಶ ಮನಸ್ಸಿನಲ್ಲಿ ಆಗಲೇ ಜ್ಯೋತ್ಸ್ನಾಳನ್ನು ಕಿಟಕಿಯ ಪಕ್ಕ ಕೂರಿಸಿದ್ದ. ಲೋಲಾಕ್ಷಿಯವರು ಬಾಡಿಗೆ ಹೇಳಿದರು, ಅದೂ ಕೈಗೆಟುಕುವಂತಿತ್ತು. ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದೇ ಅವನಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು.

ಅಷ್ಟರಲ್ಲಿ ಅವರ ಮಗಳು ಸೌಜನ್ಯ ಮೆಟ್ಟಿಲಿಳಿದು ಬಂದಳು. ಇಲ್ಲೇ ಹುಟ್ಟಿದವಳು, ಕಾಲೇಜು ಓದುವವಳು. ಅವನನ್ನು ಮೇಲಿಂದ ಕೆಳಗೆ ನೋಡಿ, "ಅಂಕಲ್, ಡೂ ಯೂ ಆಕ್ಚುಲಿ ಟಚ್ ದ ಡೆಡ್ ಬಾಡೀಸ್?" ಎಂದು ಕೇಳಿದಳು.

"ಯಾವ ಬಾಡೀಸ್ ಅವ್ವಾ?"

"ಇನ್ ದ ಮಾರ್ಗ್."

ಈರೇಶನಿಗೆ ಇಡೀ ದಿನ ಒಮ್ಮೆಲೇ ಕಣ್ಣ ಮುಂದೆ ಬಂತು. ಬೆಡ್‌ಶೀಟು, ನಿಂಬೆಹಣ್ಣು, ಮ್ಯಾನೇಜರನ ಮಾವ, ಕಾಲಿಗೆ ನೀರು. ಅವನು ಹೊನ್ನಪ್ಪನವರ ಕಡೆ ತಿರುಗಿದ. ಅವರು ಚಿಮಣಿಯನ್ನು ನೋಡುತ್ತಿದ್ದರು. ಲೋಲಾಕ್ಷಿಯವರ ಮುಖ ನೋಡಿದ. ಗಂಭೀರವಾಗಿತ್ತು. ಆಯಿತು, ಹೋಯಿತು, ಈ ಮನೆಯೂ ಹೋಯಿತು. ಹೆಣ ಮುಟ್ಟುವವನಿಗೆ ಯಾರು ಮನೆ ಕೊಟ್ಟಾರು? ಮರ್ಯಾದೆಗೆ ತೋರಿಸಿ ಕಳಿಸುತ್ತಿದ್ದಾರೆ ಅಷ್ಟೇ.

"ಅಕ್ಕಾರ, ಒಂದ್ ನಿಮಿಷ ನನ್ನ ಮಾತು ಕೇಳ್ರಿ," ಎಂದು ಅವನು ಶುರುಮಾಡಿದ. ತಡೆಯುವವರಿದ್ದರೂ ಅವನು ನಿಲ್ಲುತ್ತಿರಲಿಲ್ಲ. ಓಹಾಯೋದ ಪತ್ರಿಕೆ, ಲಕೋಟೆಗಳು, ಹಳೆಯ ಕಾಲದ ವರದಿಗಾರರು ಆ ಕೋಣೆಗೆ ಇಟ್ಟ ಹೆಸರು, ಎಲ್ಲ ಹೇಳಿದ. ಲೋಲಾಕ್ಷಿಯವರು ನಡುವೆ, "ಅದೆಲ್ಲ ಇರ್ಲಿ, ನಾನು ಎಂತ ಹೇಳ್ಲಿಕ್ಕೆ ಹೊರಟದ್ದು ಅಂದ್ರೆ," ಎಂದರು. ಅವನು ಕೈಮುಗಿದು, "ಪೂರ್ತಿ ಕೇಳ್ರಿ ಅಕ್ಕಾರ," ಎಂದು ಫೋನು ತೆಗೆದು ಡಬ್ಬಿಗಳ ಚಿತ್ರ, ಹಳದಿ ತುಣುಕುಗಳ ಚಿತ್ರ, ಗಾಜಿನ ಚಿತ್ರ ತೋರಿಸಿದ. ಮದುವಣಗಿತ್ತಿಯರ ಡಬ್ಬಿಯದೂ ತೋರಿಸಿದ. ಅದನ್ನು ನೋಡಿ ಹೊನ್ನಪ್ಪನವರು ಗೋಡೆಗೆ ಒರಗಿ ದೊಡ್ಡದಾಗಿ ಉಸಿರುಬಿಟ್ಟರು.

ಸೌಜನ್ಯ ತನ್ನ ಫೋನಿನಲ್ಲಿ ಹುಡುಕಿ, "ಹೀ ಈಸ್ ರೈಟ್, ಅಮ್ಮ. ಇಟ್ಸ್ ಲೈಕ್ ಎ ನ್ಯೂಸ್‌ಪೇಪರ್ ಲೈಬ್ರರಿ," ಎಂದು ತೀರ್ಪು ಕೊಟ್ಟು ಮೇಲೆ ಹೋದಳು. ಅವಳಿಗೆ ನಿರಾಸೆಯಾದಂತಿತ್ತು.

"ಅಂದ್ರೆ ನೀವು ಪೇಪರಿನವರಾ?" ಎಂದರು ಲೋಲಾಕ್ಷಿ.

"ಹೌದ್ರಿ ಅಕ್ಕಾರ, ಬರೇ ಪೇಪರ್ರಿ. ಹೆಣಾ ಗಿಣಾ ಏನೂ ಇಲ್ಲ," ಎಂದು ಈರೇಶ ನಕ್ಕ. ಎರಡು ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು.

"ಗೌರ್ಮೆಂಟ್ ಆಸ್ಪತ್ರೆಯ ಕೆಲಸ ಅಲ್ವಾ ಹಾಗಾದ್ರೆ?"

"ಅಲ್ರಿ. ಕಂಪನೀದು. ಕಾಂಟ್ರ್ಯಾಕ್ಟು."

ಲೋಲಾಕ್ಷಿಯವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಎಂತ ಮಾರಾಯ್ರೆ ನೀವು. ಬೆಳಿಗ್ಗೆ ಹೊನ್ನಪ್ಪನವರು ಹೇಳಿದಾಗ ನನಗೆ ಒಮ್ಮೆ ಹೆದರಿಕೆ ಆದದ್ದು ಹೌದು. ಮತ್ತೆ ಕೂತು ಯೋಚನೆ ಮಾಡಿದೆ. ಈಗ ಸಾಫ್ಟ್‌ವೇರಿನವರಿಗೆ ಇವತ್ತು ಕೆಲಸ ಉಂಟು, ನಾಳೆ ಇಲ್ಲ. ನನ್ನ ಹಿಂದಿನ ಬಾಡಿಗೆಯವ ಹಾಗೇ ಕೆಲಸ ಹೋಗಿ ಬಾಡಿಗೆ ಕೊಡದೆ ಕೂತದ್ದು. ಹೆಣದ ಕೆಲಸಕ್ಕೆ ಲೇಆಫ್ ಉಂಟಾ? ಮತ್ತೆ, ದಿನವಿಡೀ ಹೆಣದ ಒಟ್ಟಿಗೆ ಇರುವವರು ಬಾಯಿ ಬಿಡುವವರಲ್ಲ. ಕಾಲಿಗೆ ನೀರು ಹಾಕಿದ್ರೆ ಮೈಲಿಗೆ ಹೋಗ್ತದೆ. ಬೀಗದ ಕೈ ಕೊಡುವ ಅಂತಲೇ ತಂದಿದ್ದೆ." ಅವರು ಮುಷ್ಟಿ ಬಿಚ್ಚಿ ಕೀಲಿ ತೋರಿಸಿ, ಮತ್ತೆ ಮುಷ್ಟಿ ಮುಚ್ಚಿಕೊಂಡರು.

"ಕೊಡ್ರಿ ಮತ್ತ," ಎಂದ ಈರೇಶ. ಕೈಯನ್ನೂ ಚಾಚಿದ.

"ಪೇಪರಿನವರಿಗೆ ಕೊಡ್ಲಿಕ್ಕಾಗ್ತದಾ? ಈ ಬೇಸ್‌ಮೆಂಟು ಸಿಟಿಯಲ್ಲಿ ರಿಜಿಸ್ಟರ್ ಆಗ್ಲಿಲ್ಲ. ಆಚೆ ಬೀದಿಯವರದ್ದು ಹೀಗೇ ಇದ್ದದ್ದು, ಯಾರೋ ಪೇಪರಲ್ಲಿ ಬರೆದು ಹಾಕಿ, ಮಾರನೇ ದಿನ ಆಫೀಸರು ಬಂದು ಗೋಡೆ ಒಡೆಸಿದ್ರು."

"ನಾ ಬರಿಯಾಂವ ಅಲ್ರಿ ಅಕ್ಕಾರ. ಅದು ಸತ್ತ ಪೇಪರ್ರಿ. ಓಹಾಯೋದ್ದು."

"ಸತ್ತದ್ದಾದ್ರೂ ಪೇಪರ್ ಪೇಪರೇ. ಅದರ ಮೇಲಿಂದ ಫೋಟೋ ಹೊಡೆಯುವುದೇ ನಿಮ್ಮ ಕೆಲಸ ಅಂತ ಈಗ ನೀವೇ ಹೇಳಿದ್ದು."

ಹೊನ್ನಪ್ಪನವರು ಮಧ್ಯೆ ಬಂದು, "ಲೋಲಾಕ್ಷಮ್ಮ, ಹುಡುಗ ಒಳ್ಳೆಯವನು, ಬೇಕಾದ್ರೆ ನಾನು ಜವಾಬ್ದಾರಿ," ಎಂದರು.

"ನೀವು ಹೇಳಿದ್ದನ್ನು ನಂಬಿಯೇ ಹೀಗಾದದ್ದು ಹೊನ್ನಪ್ಪನವರೇ," ಎಂದು ಅವರು ಎದ್ದರು. ಅಲ್ಲಿಗೆ ಮಾತು ಮುಗಿಯಿತು. ಆದರೆ ಕೆಟ್ಟ ಹೆಂಗಸಲ್ಲ. ಅಡಿಗೆಮನೆಗೆ ಹೋಗಿ ಒಂದು ಡಬ್ಬಿಯಲ್ಲಿ ಕೆಸುವಿನೆಲೆಯ ಬಿಸಿ ಪತ್ರೊಡೆ ತುಂಬಿ ತಂದು ಈರೇಶನ ಕೈಗಿಟ್ಟರು. "ಬಸುರಿ ಹುಡುಗಿಗೆ ಕೊಡಿ. ಖಾರ ಕಮ್ಮಿ ಹಾಕಿದ್ದೇನೆ."

ಹೊರಗೆ ಕತ್ತಲಾಗತೊಡಗಿತ್ತು. ಹೊನ್ನಪ್ಪನವರು ವ್ಯಾನು ಬಿಸಿಮಾಡಲು ಹೋದರು. ಈರೇಶ ಪಾದಪಥದಲ್ಲಿ ನಿಂತು, ಹೇಗೆ ಹೇಳುವುದೆಂದು ಮೂರು ತರಹ ಯೋಚಿಸಿ, ಮೂರನ್ನೂ ಬಿಟ್ಟು ಹೆಂಡತಿಗೆ ಫೋನು ಮಾಡಿದ.

"ಕೀಲಿ ಕೊಟ್ರೇನ್ರಿ?" ಎಂದಳು ಜ್ಯೋತ್ಸ್ನಾ. ಅವಳ ಧ್ವನಿ ಹಗುರವಾಗಿತ್ತು. ಹಿಂದೆ ಟೇಪು ಎಳೆಯುವ ಸದ್ದು ಕೇಳಿಸಿತು, ಸಾಮಾನು ಕಟ್ಟುತ್ತಿದ್ದಳು.

"ಇಲ್ಲ. ಅವರು ಒಂದ್ ತಪ್ಪು ತಿಳಕೊಂಡಿದ್ರು. ನನ್ನ ಕೆಲಸದ್ದು. ಎಲ್ಲಾ ಬಿಡಿಸಿ ಹೇಳಿದೆ."

ಟೇಪಿನ ಸದ್ದು ನಿಂತಿತು. "ಏನಂತ ಹೇಳಿದ್ರಿ?"

"ಹೆಣದ ಮನಿ ಅಲ್ಲ, ಪೇಪರ್ ಆಫೀಸಿಂದು ಅಂತ."

"ಮಧ್ಯಾಹ್ನ ಆ ಅಕ್ಕಾರು ನನಗ ಫೋನ್ ಮಾಡಿದ್ರು," ಎಂದಳು ಜ್ಯೋತ್ಸ್ನಾ. "ನಿಮ್ಮ ಯಜಮಾನರ ಕೆಲಸ ಪರ್ಮನೆಂಟಾ ಅಂತ ಕೇಳಿದ್ರು. ಮಂದಿ ಸಾಯೂದು ನಿಲ್ಲೂತನಾ ಪರ್ಮನೆಂಟ್ ರೀ ಅಂದೆ. ಅವರಿಗೆ ಭಾಳ ಸೇರ್ತು. ಬರ್ರಿ ಮನಿಗೆ ಅಂದ್ರು."

ಈರೇಶ ಬಾಯಿ ತೆರೆದ. "ನಿನಗ ಗೊತ್ತಿತ್ತೇನ?"

"ಮುಂಜಾನೆ ಹೊನ್ನಪ್ಪ ಸರ್ ಧೈರ್ಯ ತಗೋಬೇಕು ಅಂದ್ರಲ್ಲ, ಫೋನ್ ಇಟ್ಟ ಮ್ಯಾಲ ತಿಳೀತು. ನಿಮಗ ಹೇಳೂಣಂತ ಮಾಡಿದ್ನಿ. ಹೇಳಿದ್ರ ನಿಮಗ ಸುಳ್ಳು ಹೇಳಾಕ ಬರೂದಿಲ್ಲ, ಮಾರಿ ನೋಡಿದ್ರ ಗೊತ್ತಾಗ್ತದ. ತಿಳೀದ ಇರಲಿ, ಸುಮ್ನ ಕೀಲಿ ಇಸಗೊಂಡು ಬರ್ತಾರ ಅಂತ ಬಿಟ್ಟೆ."

ಅವನು ಪತ್ರೊಡೆಯ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ನಾಕ್ ಡಬ್ಬಿ ಕಟ್ಟೀನಿ," ಎಂದಳು ಜ್ಯೋತ್ಸ್ನಾ. "ರಾತ್ರಿ ಅಡಿಗಿ ಆಗಬೇಕಂದ್ರ ಬಂದು ಬಿಚ್ಚರಿ. ಒಲಿ ಮ್ಯಾಲಿನ ಭಾಂಡೆ ಎಲ್ಲಾ ಅದರಾಗ ಅದಾವು."